ವಾಸನೆಯ ಗಡಿಕಲ್ಲು

ಮಂಡ್ಯದ ಹತ್ತಿರದ ಹೊಳಲಿಗೆ ನೆಂಟರ ಮನೆಗೆ ಹೋಗಿದ್ದೆ. ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ಊರಿನ ಹೆಸರಿನಲ್ಲೇ ಎಷ್ಟು ಹಳಮೆ! ಗದ್ದೆಯ ಬದುವಿನ ಮೇಲೆ ಹಿರಿಯರೊಬ್ಬರು ಕಲ್ಲೊಂದನ್ನು ತೋರಿಸಿ, “ಇದಕ್ಕಾಗಿ ನಮ್ಮಪ್ಪ ಕೋರ್ಟಿಗೆ ಅಲೆದರು” ಎಂದರು. ಆಶ್ಚರ್ಯವೇನು? ನೀರು ಬಂದಲ್ಲಿ ಗಡಿಯ ಜಗಳವೂ ಬರುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ವಿಚಾರದಲ್ಲಿ ಮೈಸೂರಿಗೂ ಮದರಾಸಿಗೂ ಒಡಂಬಡಿಕೆಯಾಗಲು 1924ರ ತನಕ ಕಾಯಬೇಕಾಯಿತು.

ಜೊತೆಯಲ್ಲಿದ್ದ ಹುಡುಗ, “ಕಟ್ಟೆ ಕಟ್ಟುವ ಬೀವರ್ ಕೂಡ ಗಡಿ ಹಾಕುತ್ತದೆಯೇ?” ಎಂದು ಕೇಳಿದ. ಹಾಕುತ್ತದೆ. ಬೀವರ್ ಭರತಖಂಡದಲ್ಲಿ ಇಲ್ಲ. ಉತ್ತರ ಅಮೆರಿಕ, ಯುರೋಪು, ಏಷ್ಯಾದ ಶೀತಸೀಮೆಗಳಲ್ಲಿ ಉಂಟು. ಇಲಿಯ ಬಳಗದ್ದು, ತೊಗಟೆ, ಸೊಪ್ಪು ತಿನ್ನುತ್ತದೆ. ಗೂಡಿನ ಬಾಗಿಲು ನೀರಿನಡಿ ಮುಚ್ಚಿರಬೇಕೆಂದು ತೊರೆಗೆ ಅಡ್ಡಕಟ್ಟೆ ಹಾಕುತ್ತದೆ. ಗಂಡುಹೆಣ್ಣು, ಈ ವರ್ಷದ ಮರಿ, ಹೋದ ವರ್ಷದ ಮರಿ ಇವಿಷ್ಟೇ ಸಂಸಾರ. ಎರಡು ವರ್ಷ ತುಂಬುವ ಹೊತ್ತಿಗೆ ಮಕ್ಕಳು ಬೇರೆ ಹೋಗಬೇಕು. ಅವು ನೆಲೆ ಹುಡುಕಿ ಅಲೆಯುವ ವಸಂತದಲ್ಲೇ ಹಳಬರ ಗಡಿಗೆಲಸ ಜೋರು: ದಡದ ಮೇಲೆ ಕೆಸರನ್ನು ಗುಪ್ಪೆಮಾಡಿ, ಬಾಲದ ಬುಡದ ಚೀಲದಿಂದ ಘಾಟು ದ್ರವವನ್ನು ಸುರಿಸುತ್ತವೆ. ಪರಕೀಯ ವಾಸನೆ ಕಂಡರೆ ಬುಸುಗುಟ್ಟಿ, ಅದರ ಮೇಲೆ ತಮ್ಮದನ್ನು ಹಾಕುತ್ತವೆ. ಅಷ್ಟಕ್ಕೂ ಬಗ್ಗದವನಿಗೆ ಹಲ್ಲಿನ ಉತ್ತರ.

ಈ ಗಡಿಕಲ್ಲೇ ಅದಕ್ಕೆ ಮುಳುವಾಯಿತು. ಯುರೋಪಿನ ದೊಡ್ಡಮನುಷ್ಯರ ಟೋಪಿಗೆ ಬೀವರ್ ತುಪ್ಪಳ ಬೇಕಾಯಿತು. 1670ರಲ್ಲಿ ಹಡ್ಸನ್ಸ್ ಬೇ ಕಂಪನಿಗೆ ಇಂಗ್ಲೆಂಡಿನ ದೊರೆ ಸನ್ನದು ಕೊಟ್ಟ. ಬೇಟೆಗಾರ ಆ ದ್ರವವನ್ನೇ ಬೋನಿನ ಬಳಿ ಸವರಿಟ್ಟ. “ನನ್ನ ಸೀಮೆಗೆ ಯಾರವನು ಬಂದವನು?” ಎಂದು ವಿಚಾರಿಸಲು ಬಂದ ಯಜಮಾನ ಸಿಕ್ಕಿಬಿದ್ದ. ಇದಕ್ಕಿಂತ ಕುಟಿಲವಾದ ಉಪಾಯವನ್ನು ನಾನು ಕೇಳಿಲ್ಲ. 20ನೆಯ ಶತಮಾನದ ಆರಂಭಕ್ಕೆ ಯುರೋಪು ಏಷ್ಯಾಗಳಲ್ಲಿ ಉಳಿದದ್ದು ಸುಮಾರು 1200 ಮಾತ್ರ. ಆಮೇಲೆ ರಕ್ಷಣೆ ದೊರೆತು ಸಂಖ್ಯೆ ಬೆಳೆಯಿತು. 2009ರಲ್ಲಿ ನಾರ್ವೆಯಿಂದ ತಂದು ಸ್ಕಾಟ್ಲೆಂಡಿನ ಕಾಡಿಗೆ ಬಿಟ್ಟರು.

“ನಮ್ಮ ಹೊಳೆಯಲ್ಲಿ ಅಂಥದು ಏನೂ ಇಲ್ಲವೇ?” ಎಂದ ಹುಡುಗ. ನೀರುನಾಯಿ ಉಂಟು, ಇಲಿಯ ಬಳಗದ್ದಲ್ಲ, ಮೀನು ತಿನ್ನುವುದು, ಕಟ್ಟೆ ಕಟ್ಟದು. ಆದರೆ ಕಾವೇರಿಯ ಬಂಡೆಗಳ ಮೇಲೆ ಮೀನಿನ ಮುಳ್ಳು, ಪೊರೆ ತುಂಬಿದ ಹಿಕ್ಕೆಯಿಟ್ಟು ಅದೂ ತನ್ನ ಸುದ್ದಿ ಬರೆದಿಡುತ್ತದೆ. ಅದರ ಚರ್ಮದ ಮೇಲೂ ಕಳ್ಳಬೇಟೆಗಾರರ ಕಣ್ಣು. 2015ರಲ್ಲಿ ಸರ್ಕಾರ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವನ್ನು ನೀರುನಾಯಿಗಳಿಗೆಂದೇ ಮೀಸಲಿಟ್ಟಿತು. ಹುಡುಗ ಕೂಡಲೇ, “ಆ ಗಡಿ ನೀರುನಾಯಿಗೆ ಗೊತ್ತಾಗುವುದು ಹೇಗೆ?” ಎಂದ. ಹಿರಿಯರು ನಕ್ಕು, ಕಲ್ಲಿನ ಮೇಲಿನ ಕೆಸರನ್ನು ಕಾಲಿನಿಂದ ಒರೆಸಿದರು.