ಲಕ್ವ ಹೊಡೆದ ಮೇಲೆ ಮತ್ತೆ ನಡೆಯಲು: ಸದಸ್ಯರ ಗಮನಕ್ಕೆ



ಲಕ್ವ ಹೊಡೆದವರನ್ನು ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರಾದಿಂದ ಹಿಂದೂಪುರಕ್ಕೋ ಬೆಂಗಳೂರಿಗೋ ಕರೆದೊಯ್ದು ಜೀವ ಉಳಿಸಿಕೊಂಡು ತರುತ್ತೇವೆ. ಮನೆಗೆ ಬಂದ ಮೇಲೆ ಮಾತ್ರ ‘ವಿಶ್ರಾಂತಿ ಬೇಕು’ ಎಂದು ಮಲಗಿಸಿಬಿಡುತ್ತೇವೆ. ನಡಿಗೆ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಕಾಲಿನ ಶಕ್ತಿ ಬಹುಪಾಲು ಮರಳುವುದು ಮೊದಲ ಮೂರು ತಿಂಗಳಲ್ಲಿ. ಆಮೇಲೂ ಸುಧಾರಿಸುತ್ತದೆ, ಆದರೆ ನಿಧಾನ. ಆ ದಿನಗಳು ಎಣ್ಣೆ ತಿಕ್ಕುವುದರಲ್ಲಿ, ಪಾರಿವಾಳದ ರಕ್ತ ಹಚ್ಚುವುದರಲ್ಲಿ ಕಳೆದುಹೋಗಬಾರದೆಂದೇ ಇದನ್ನು ಬರೆಯುತ್ತಿದ್ದೇವೆ. ಕಾಲು ಕೆಟ್ಟಿರುವುದಿಲ್ಲ; ಅದನ್ನು ನಡೆಸುವ ಮೆದುಳಿನ ಭಾಗಕ್ಕೆ ಪೆಟ್ಟಾಗಿರುತ್ತದೆ. ಒಂದೇ ಚಲನೆಯನ್ನು ದಿನವೂ ನೂರಾರು ಸಲ ಮಾಡಿಸಿದರೆ ಮೆದುಳಿನ ಉಳಿದ ಭಾಗ ಆ ಕೆಲಸ ಕಲಿಯುತ್ತಾ ಹೋಗುತ್ತದೆ.

ಹಾಗೆಂದು ಮೊದಲ ದಿನವೇ ಅವಸರ ಬೇಡ. 2015ರಲ್ಲಿ ಪ್ರಕಟವಾದ ‘ಅವರ್ಟ್’ ಅಧ್ಯಯನದಲ್ಲಿ, 24 ಗಂಟೆಯೊಳಗೆ ಪದೇಪದೇ ಎಬ್ಬಿಸಿ ನಡೆಸಿದವರ ಪೈಕಿ ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸಿಕೊಂಡವರು ಕಡಿಮೆಯೇ ಇದ್ದರು. ಯಾವಾಗ ಎಬ್ಬಿಸಬೇಕೆಂದು ಡಾಕ್ಟರು ಹೇಳಲಿ. ಮನೆಯವರೇ ಕಲಿತು ಮಾಡಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ನಡೆದ ‘ಅಟೆಂಡ್’ ಅಧ್ಯಯನ (2017) ಇದನ್ನೇ ಪರೀಕ್ಷಿಸಿತು; ಮನೆಯವರಿಗೆ ತರಬೇತಿ ಕೊಟ್ಟದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ದೂರವಾದರೂ ಫಿಸಿಯೋಥೆರಪಿಸ್ಟರನ್ನು ಬಿಡಬೇಡಿ. ಹದಿನೈದು ದಿನಕ್ಕೊಮ್ಮೆಯಾದರೂ ತೋರಿಸಿ, ವ್ಯಾಯಾಮ ಬದಲಿಸಿಕೊಂಡು ಬನ್ನಿ ಎಂಬುದು ನಮ್ಮ ಸಲಹೆ.

ಮೊದಲು ಹಾಸಿಗೆಯ ಅಂಚಿನಲ್ಲಿ ಕೂರುವುದು, ನಂತರ ಕುರ್ಚಿಯಿಂದ ಏಳುವುದು, ಸೋತ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದು, ಆಮೇಲೆ ಹೆಜ್ಜೆ. ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ. ಜೊತೆಗಿರುವವರು ಸೋತ ಪಕ್ಕದಲ್ಲಿ ನಿಲ್ಲಬೇಕು. ಕೋಲು ಗಟ್ಟಿ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದನ್ನು ಹಾಕಿಸಿ. ಪಾದ ನೆಲಕ್ಕೆ ಎಳೆಯುತ್ತಿದ್ದರೆ ಸ್ಪ್ಲಿಂಟ್ ಬಗ್ಗೆ ವಿಚಾರಿಸಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಚ್ಚಲ ಕಲ್ಲು ಜಾರು. ಬಿದ್ದು ಸೊಂಟದ ಮೂಳೆ ಮುರಿದರೆ ಎಲ್ಲವೂ ಮತ್ತೆ ಮೊದಲಿಂದ.

ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ನಡೆಸದೆ, ತಿಕ್ಕದೆ ಕೂಡಲೇ ತೋರಿಸಿ. ಬಿ.ಪಿ. ಮಾತ್ರೆ ‘ಈಗ ಸರಿಯಾಗಿದೆ’ ಎಂದು ನಿಲ್ಲಿಸಬೇಡಿ.

ಇನ್ನು ಕಾಗದದ ಮಾತು. ಚಿಕಿತ್ಸೆ ಕರ್ನಾಟಕದಲ್ಲಾದರೂ ನಮ್ಮ ವಾಸ ಆಂಧ್ರದಲ್ಲಿ, ಆದ್ದರಿಂದ ಅಂಗವೈಕಲ್ಯದ ‘ಸದರಂ’ ಪ್ರಮಾಣಪತ್ರ ಇಲ್ಲಿಯೇ ಆಗಬೇಕು. ಕೊರತೆ ಶೇ. 40 ಅಥವಾ ಹೆಚ್ಚಿದ್ದರೆ ಪಿಂಚಣಿಗೆ ಅರ್ಜಿ ಹಾಕಲು ಅದು ಬೇಕು. ಸ್ಲಾಟ್‌ಗಾಗಿ ನಿಮ್ಮ ಸಚಿವಾಲಯದಲ್ಲಿ ಅಥವಾ ಮೀಸೇವಾದಲ್ಲಿ ಕೇಳಿ. ಡಿಸ್ಚಾರ್ಜ್ ಪತ್ರ, ಸ್ಕ್ಯಾನ್ ವರದಿಗಳ ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ. ತೆಲುಗಿನ ಅರ್ಜಿ ತುಂಬಲು ತೊಡಕಾದವರು ಸಂಘಕ್ಕೆ ಬನ್ನಿ, ತುಂಬಿಕೊಡುತ್ತೇವೆ.