ಬಿತ್ತನೆ ಬೀಜ ಮಾರಬಹುದೇ? ಮ್ಯಾರಿನರ್ಸ್ ಕೊಟ್ಟ ಹುಡುಗರು, ಪಡೆದ ಹುಡುಗರು

ಜುಲೈ ತಿಂಗಳು ಬಂತೆಂದರೆ ಸಿಯಾಟಲ್‌ನಲ್ಲಿ ಒಂದು ಹಳೇ ಜಗಳ ಹೊಸದಾಗಿ ಶುರುವಾಗುತ್ತದೆ. ಆಫೀಸಿನ ಕಾಫಿ ಮಷಿನ್ ಹತ್ತಿರ, ಲೈಟ್ ರೈಲಿನಲ್ಲಿ, ಎವರೆಟ್‌ನಲ್ಲಿ ಶಿಫ್ಟ್ ಮುಗಿಸಿ ಬರುವವರ ನಡುವೆ ಇದೇ ಮಾತು. ಈ ಊರಿನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್ ಗೆಲುವಿನ ಹತ್ತಿರ ಇದೆ, ಆದರೆ ಏದುಸಿರು ಬಿಡುತ್ತಿದೆ. ಈಗೇನು ಮಾಡಬೇಕು? ಬೆಳೆಯುತ್ತಿರುವ ಹುಡುಗರನ್ನು ಬೇರೆ ತಂಡಕ್ಕೆ ಕೊಟ್ಟು, ಈ ವರ್ಷವೇ ಗೆಲ್ಲಿಸಬಲ್ಲ ಆಟಗಾರನನ್ನು ತರಬೇಕಾ? ಇಲ್ಲ, ಹುಡುಗರನ್ನು ಉಳಿಸಿಕೊಂಡು ಕಾಯಬೇಕಾ?

ನಮ್ಮಲ್ಲಿ ಬಹುಪಾಲು ಜನ ಕ್ರಿಕೆಟ್ ನೋಡಿ ಬೆಳೆದವರು. ಐಪಿಎಲ್ ಹರಾಜು ಗೊತ್ತು. ಅಲ್ಲಿ ದುಡ್ಡು ಎಣಿಸಿ ಆಟಗಾರನನ್ನು ಕೊಳ್ಳುತ್ತಾರೆ. ಬೇಸ್‌ಬಾಲ್‌ನಲ್ಲಿ ಹೆಚ್ಚಾಗಿ ಆಟಗಾರನಿಗೆ ಬದಲು ಆಟಗಾರನನ್ನೇ ಕೊಡಬೇಕು. ಪ್ರತಿ ದೊಡ್ಡ ತಂಡದ ಕೆಳಗೂ ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕ ತಂಡಗಳಿವೆ. ಎವರೆಟ್‌ನ ಅಕ್ವಾಸಾಕ್ಸ್, ಟಕೋಮಾದ ರೇನಿಯರ್ಸ್ ಹೀಗೆ ಮ್ಯಾರಿನರ್ಸ್‌ಗೆ ಹುಡುಗರನ್ನು ಬೆಳೆಸಿಕೊಡುವ ತಂಡಗಳು. ಈ ವ್ಯವಸ್ಥೆಗೆ ಇಲ್ಲಿಯವರು ಇಟ್ಟ ಹೆಸರು ‘ಫಾರ್ಮ್’, ಅಂದರೆ ಹೊಲ. ಅಲ್ಲಿ ಬೆಳೆಯುವ ಭರವಸೆಯ ಹುಡುಗ ‘ಪ್ರಾಸ್ಪೆಕ್ಟ್’. ಅವನು ದೊಡ್ಡ ತಂಡಕ್ಕೆ ಬಂದ ಮೇಲೆ ಸುಮಾರು ಆರು ವರ್ಷ ಆ ತಂಡದ ಹಿಡಿತದಲ್ಲೇ ಇರುತ್ತಾನೆ, ಮೊದಮೊದಲು ಕಡಿಮೆ ಸಂಬಳಕ್ಕೆ. ಹೆಸರು ಮಾಡಿದ ಆಟಗಾರ ಹಾಗಲ್ಲ. ಒಪ್ಪಂದ ಮುಗಿದ ದಿನ ಗಂಟು ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು.

ಹೊಲ ಅಂದಮೇಲೆ ಬಿತ್ತನೆ ಬೀಜದ ಮಾತು ಬರಲೇಬೇಕು. ಹಗೇವಿನಲ್ಲಿ ರಾಗಿ ಎಷ್ಟೇ ತಳ ಕಂಡರೂ, ಬೂದಿ ಬೆರೆಸಿ ಗಡಿಗೆಯಲ್ಲಿ ಎತ್ತಿಟ್ಟ ಬೀಜಕ್ಕೆ ನಮ್ಮ ಅಜ್ಜಿಯರು ಕೈ ಹಾಕುತ್ತಿರಲಿಲ್ಲ. ಹಾಗಂತ ಯಾವತ್ತೂ ಮಾರಲೇಬಾರದಾ? ಉಳುವ ಎತ್ತೇ ಸಾಯುತ್ತಿದ್ದರೆ ಬೀಜ ಇಟ್ಟುಕೊಂಡು ಏನು ಮಾಡುವುದು? ಈ ಪ್ರಶ್ನೆಗೆ ಉತ್ತರ ಹುಡುಕಲು ಮ್ಯಾರಿನರ್ಸ್ ಇತಿಹಾಸದಷ್ಟು ಒಳ್ಳೆಯ ಲೆಕ್ಕದ ಪುಸ್ತಕ ಸಿಗಲಿಕ್ಕಿಲ್ಲ.

ಬೇರೆಯವರ ಆತುರ, ಇವರ ಫಸಲು

ಮ್ಯಾರಿನರ್ಸ್ ಶುರುವಾಗಿದ್ದು 1977ರಲ್ಲಿ. ಅದಕ್ಕೂ ಮೊದಲು, 1969ರಲ್ಲಿ, ಪೈಲಟ್ಸ್ ಅನ್ನುವ ತಂಡ ಒಂದೇ ಒಂದು ವರ್ಷ ಇಲ್ಲಿ ಆಡಿ ಮಿಲ್ವಾಕಿಗೆ ಹೊರಟುಹೋಗಿತ್ತು. ಹೊಸ ತಂಡವೂ ಮೊದಲ 14 ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಸೋಲುವ ತಂಡಕ್ಕೆ ಒಂದೇ ಅನುಕೂಲ: ಗೆಲ್ಲುವ ಆತುರದಲ್ಲಿರುವವರು ಇವರ ಬಾಗಿಲಿಗೆ ಬರುತ್ತಾರೆ.

1988ರ ಜುಲೈನಲ್ಲಿ ನ್ಯೂಯಾರ್ಕ್ ಯಾಂಕೀಸ್ ಬಂದರು. 33 ವರ್ಷದ ಬ್ಯಾಟರ್ ಕೆನ್ ಫೆಲ್ಪ್ಸ್ ಬೇಕೆಂದು 23ರ ಹುಡುಗ ಜೇ ಬ್ಯೂನರ್ ಅವರನ್ನು ಸಿಯಾಟಲ್‌ಗೆ ಕೊಟ್ಟರು. ಫೆಲ್ಪ್ಸ್ ಮರುವರ್ಷವೇ ಓಕ್ಲೆಂಡ್ ಪಾಲಾದರು. ಬ್ಯೂನರ್ ಮ್ಯಾರಿನರ್ಸ್ ಪರ 307 ಹೋಮ್ ರನ್ ಹೊಡೆದರು. ‘ಸೈನ್‌ಫೆಲ್ಡ್’ ಧಾರಾವಾಹಿ ನೋಡಿದವರಿಗೆ ಈ ವ್ಯಾಪಾರದ ಮೇಲಿನ ಜೋಕು ನೆನಪಿರಬಹುದು.

1989ರ ಮೇ 25ರಂದು ಮಾಂಟ್ರಿಯಲ್ ಎಕ್ಸ್‌ಪೋಸ್ ಬಂದರು. ಆ ವರ್ಷ ಗೆದ್ದೇ ತೀರಬೇಕೆಂದು ಸಿಯಾಟಲ್‌ನ ಅತ್ಯುತ್ತಮ ಪಿಚರ್ ಮಾರ್ಕ್ ಲ್ಯಾಂಗ್‌ಸ್ಟನ್ ಅವರನ್ನು ಕೇಳಿದರು. ಬದಲಿಗೆ ಕೊಟ್ಟ ಮೂವರು ಹುಡುಗರಲ್ಲಿ ಒಬ್ಬರು ಆರಡಿ ಹತ್ತಿಂಚು ಎತ್ತರದ, ಚೆಂಡು ಎಲ್ಲಿಗೆ ಹೋಗುತ್ತದೋ ತಮಗೇ ತಿಳಿಯದಂತೆ ಎಸೆಯುತ್ತಿದ್ದ ರ‍್ಯಾಂಡಿ ಜಾನ್ಸನ್. ಆಗಸ್ಟ್ ಆರಂಭದವರೆಗೂ ಮುಂದಿದ್ದ ಮಾಂಟ್ರಿಯಲ್ ಆಮೇಲೆ ಕುಸಿದು 81 ಗೆಲುವು, 81 ಸೋಲಿಗೆ ವರ್ಷ ಮುಗಿಸಿತು. ಲ್ಯಾಂಗ್‌ಸ್ಟನ್ ಒಪ್ಪಂದ ಮುಗಿಸಿ ಕ್ಯಾಲಿಫೋರ್ನಿಯಾ ಏಂಜಲ್ಸ್ ಸೇರಿದರು. ಮಾಂಟ್ರಿಯಲ್‌ಗೆ ಬೀಜವೂ ಇಲ್ಲ, ಫಸಲೂ ಇಲ್ಲ.

1995: ಎತ್ತು ಬದುಕಿದ ವರ್ಷ

1995ರ ಆಗಸ್ಟ್ ಆರಂಭದಲ್ಲಿ ಮ್ಯಾರಿನರ್ಸ್ ಏಂಜಲ್ಸ್‌ಗಿಂತ 13 ಪಂದ್ಯ ಹಿಂದಿತ್ತು. ಹೊಸ ಕ್ರೀಡಾಂಗಣ ಕಟ್ಟಿಕೊಡದಿದ್ದರೆ ತಂಡ ಮಾರುತ್ತೇವೆ ಅಂತ ಮಾಲೀಕರು ಹೇಳಿದ್ದರು. ಜುಲೈ 31ರಂದು ತಂಡ ಸ್ಯಾನ್ ಡಿಯಾಗೋದಿಂದ ಪಿಚರ್ ಆ್ಯಂಡಿ ಬೆನೆಸ್ ಅವರನ್ನು ತಂದಿತು. ಕೊಟ್ಟದ್ದು ಮಾರ್ಕ್ ನ್ಯೂಫೀಲ್ಡ್ ಮತ್ತು ರಾನ್ ವಿಲೋನ್ ಅನ್ನುವ ಇಬ್ಬರು ಹುಡುಗರನ್ನು. ಬೆನೆಸ್ ಏನೂ ಪವಾಡ ಮಾಡಲಿಲ್ಲ. ರನ್ ಕೊಟ್ಟರು, ಆದರೆ 7 ಪಂದ್ಯ ಗೆದ್ದು 2 ಮಾತ್ರ ಸೋತರು. ಲೀಗ್ ಮುಗಿದಾಗ ಎರಡು ತಂಡಗಳೂ ಸರಿಸಮ. ಅಂದರೆ ಆ ಏಳರಲ್ಲಿ ಒಂದು ಕೈತಪ್ಪಿದ್ದರೂ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಅಕ್ಟೋಬರ್ 2ರಂದು ಕಿಂಗ್‌ಡೋಮ್‌ನಲ್ಲಿ ನಿರ್ಣಾಯಕ ಪಂದ್ಯ. ಒಂದು ಕಡೆ ಎಸೆದವರು ರ‍್ಯಾಂಡಿ ಜಾನ್ಸನ್. ಇನ್ನೊಂದು ಕಡೆ ಯಾರು ಗೊತ್ತಾ? ಅದೇ ಮಾರ್ಕ್ ಲ್ಯಾಂಗ್‌ಸ್ಟನ್. ಆರು ವರ್ಷದ ಹಿಂದೆ ಒಬ್ಬರಿಗೊಬ್ಬರು ಬದಲಾದವರು ಎದುರುಬದುರು ನಿಂತರು. ಮ್ಯಾರಿನರ್ಸ್ 9–1ರಿಂದ ಗೆದ್ದಿತು. ಏಳನೇ ಇನ್ನಿಂಗ್ಸ್‌ನಲ್ಲಿ ರನ್ ತಡೆಯಲಾಗದೆ ಲ್ಯಾಂಗ್‌ಸ್ಟನ್ ಹೋಮ್ ಪ್ಲೇಟ್ ಹತ್ತಿರ ಅಂಗಾತ ಬಿದ್ದು ಮೇಲೆ ನೋಡುತ್ತಿದ್ದ ದೃಶ್ಯ ಈ ಊರಿನ ಹಳಬರ ಕಣ್ಣಲ್ಲಿ ಇನ್ನೂ ಇದೆ. ವಾರದೊಳಗೆ ಯಾಂಕೀಸ್ ತಂಡವನ್ನೂ ಸೋಲಿಸಿದರು. ಸೆಪ್ಟೆಂಬರಿನಲ್ಲಿ ಕಿಂಗ್ ಕೌಂಟಿಯ ಮತದಾರರು ಕೂದಲೆಳೆಯಲ್ಲಿ ತಿರಸ್ಕರಿಸಿದ್ದ ಕ್ರೀಡಾಂಗಣಕ್ಕೆ ಅಕ್ಟೋಬರಿನಲ್ಲಿ ರಾಜ್ಯ ಶಾಸನಸಭೆ ವಿಶೇಷ ಅಧಿವೇಶನದಲ್ಲಿ ದುಡ್ಡಿನ ದಾರಿ ಮಾಡಿಕೊಟ್ಟಿತು. ನಾವೀಗ ಸಂಸಾರ ಸಮೇತ ಹೋಗುವ ಟಿ-ಮೊಬೈಲ್ ಪಾರ್ಕ್ ಹೀಗೆ ಹುಟ್ಟಿ 1999ರಲ್ಲಿ ಬಾಗಿಲು ತೆರೆಯಿತು. ಕೊಟ್ಟ ಹುಡುಗರಲ್ಲಿ ನ್ಯೂಫೀಲ್ಡ್ ಹೆಚ್ಚು ಮೇಲೆ ಬರಲಿಲ್ಲ. ವಿಲೋನ್ ಬಹಳ ವರ್ಷ ಆಡಿದರು, ಮುಂದೊಮ್ಮೆ ಸಿಯಾಟಲ್‌ಗೂ ವಾಪಸ್ ಬಂದರು. ಆ ವರ್ಷ ಬೀಜ ಮಾರಿದ್ದು ಸರಿ.

1997: ಒಂದು ದಿನದ ಗಾಬರಿ

ಎರಡೇ ವರ್ಷದ ನಂತರ, ಅದೇ ಜುಲೈ 31. ಈ ಸಲ ತಂಡ ನಿಜಕ್ಕೂ ಬಲಿಷ್ಠ. 1997ರಲ್ಲಿ ಹೊಡೆದ 264 ಹೋಮ್ ರನ್ ಆಗಿನ ಕಾಲಕ್ಕೆ ದಾಖಲೆ. ತೂತು ಇದ್ದದ್ದು ಒಂದೇ ಕಡೆ: ಗೆಲ್ಲುವ ಪಂದ್ಯವನ್ನು ಕೊನೇ ಇನ್ನಿಂಗ್ಸ್‌ಗಳಲ್ಲಿ ಕಾಪಾಡುವ ಪಿಚರ್‌ಗಳು ಇರಲಿಲ್ಲ. ಕೈಗೆ ಬಂದ ಪಂದ್ಯಗಳು ಜಾರುತ್ತಿದ್ದವು. ಗಾಬರಿ ಶುರುವಾಯಿತು.

ಒಂದೇ ದಿನ ಎರಡು ವ್ಯಾಪಾರ. ಹೋಸೆ ಕ್ರೂಜ್ ಜೂನಿಯರ್ ಟೊರಾಂಟೊಗೆ. ಅಲ್ಲಿಂದ ಇಬ್ಬರು ಪಿಚರ್‌ಗಳು. ಬಾಸ್ಟನ್‌ಗೆ ಹೋದವರು ಇಬ್ಬರು: ಪಿಚರ್ ಡೆರೆಕ್ ಲೋ ಮತ್ತು ಟಕೋಮಾದಲ್ಲಿ ಆಡುತ್ತಿದ್ದ ಕ್ಯಾಚರ್ ಜೇಸನ್ ವ್ಯಾರಿಟೆಕ್. ಅವರಿಗೆ ಬದಲು ಬಂದದ್ದು ಹೀತ್‌ಕ್ಲಿಫ್ ಸ್ಲೋಕಮ್ ಒಬ್ಬರೇ. ಆ ವರ್ಷ ಬಾಸ್ಟನ್‌ನಲ್ಲಿ ಅವರ ಲೆಕ್ಕ ಗೆಲುವು ಸೊನ್ನೆ, ಸೋಲು ಐದು. ಮ್ಯಾರಿನರ್ಸ್ ವಿಭಾಗವನ್ನೇನೋ ಗೆದ್ದಿತು, ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಬಾಲ್ಟಿಮೋರ್‌ಗೆ ಸೋತಿತು. ಮರುವರ್ಷ ಮುಗಿಯುವಷ್ಟರಲ್ಲಿ ಸ್ಲೋಕಮ್ ಕೂಡ ಹೊರಟರು.

ಮುಂದಿನದ್ದು ಬೇಸ್‌ಬಾಲ್ ನೋಡದವರಿಗೂ ಗೊತ್ತು. 1918ರಿಂದ ವರ್ಲ್ಡ್ ಸೀರೀಸ್ ಗೆಲ್ಲದ ಬಾಸ್ಟನ್ 2004ರಲ್ಲಿ ಗೆದ್ದಿತು. ಮೂರೂ ಸುತ್ತಿನ ಕೊನೆಯ, ನಿರ್ಣಾಯಕ ಗೆಲುವು ಬಂದಿದ್ದು ಡೆರೆಕ್ ಲೋ ಹೆಸರಿಗೆ. ಕ್ಯಾಚರ್ ವ್ಯಾರಿಟೆಕ್. ಅದೇ ವರ್ಷ ಸಿಯಾಟಲ್ 99 ಪಂದ್ಯ ಸೋತಿತು. ಕರುಣ್ ನಾಯರ್ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋಗಿ, 2024–25ರ ರಣಜಿ ಫೈನಲ್‌ನಲ್ಲಿ ಶತಕ ಹೊಡೆದು ಅವರಿಗೆ ಕಪ್ ಗೆಲ್ಲಿಸಿದಾಗ ನಮ್ಮ ಹೊಟ್ಟೆಯಲ್ಲಿ ಏನಾಯಿತೋ ಅದನ್ನೇ ನೆನೆಸಿಕೊಳ್ಳಿ. ಇವರದ್ದು ಅದರ ಎರಡರಷ್ಟು.

ಕೊಟ್ಟು ಬೆಳೆದದ್ದು, ಕೊಟ್ಟು ಕೆಟ್ಟದ್ದು

1998ರಲ್ಲಿ ಸಿಯಾಟಲ್ ಮತ್ತೆ ಮಾರುವ ಕಡೆ ನಿಂತಿತು. ಜುಲೈ 31ರಂದು ಜಾನ್ಸನ್ ಅವರನ್ನೇ ಹ್ಯೂಸ್ಟನ್‌ಗೆ ಕೊಟ್ಟು ಫ್ರೆಡ್ಡಿ ಗಾರ್ಸಿಯಾ, ಕಾರ್ಲೋಸ್ ಗಿಯೆನ್, ಜಾನ್ ಹಲಾಮಾ ಅವರನ್ನು ತಂದರು. ಊರಿಗೆ ಊರೇ ಸಿಟ್ಟಾಯಿತು. ಜಾನ್ಸನ್ ಹ್ಯೂಸ್ಟನ್ ಪರ 10 ಗೆದ್ದು ಒಂದೇ ಸೋತರು. ಆದರೂ ಹ್ಯೂಸ್ಟನ್ ಮೊದಲ ಸುತ್ತು ದಾಟಲಿಲ್ಲ, ಅವರು ಅಲ್ಲಿ ಉಳಿಯಲೂ ಇಲ್ಲ. ಸಿಯಾಟಲ್‌ಗೆ ಬಂದ ಆ ಮೂವರು ಹುಡುಗರೂ 2001ರ ತಂಡದಲ್ಲಿದ್ದರು. ಆ ವರ್ಷದ 116 ಗೆಲುವುಗಳನ್ನು ಇವತ್ತಿಗೂ ಯಾರೂ ಮೀರಿಲ್ಲ.

ಪಾಠ ಕಲಿತರಾ? ಇಲ್ಲ. 2007ರಲ್ಲಿ ತಂಡ 88 ಪಂದ್ಯ ಗೆದ್ದಿತು. ಆದರೆ ಹೊಡೆದ ರನ್ 794, ಬಿಟ್ಟುಕೊಟ್ಟದ್ದು 813. ನಮ್ಮ ಅಂಗಡಿ ಶೆಟ್ಟರು ಆ ಲೆಕ್ಕ ನೋಡಿದ್ದರೆ ‘ಇದು ಲಾಭ ಅಲ್ಲಪ್ಪಾ, ಅದೃಷ್ಟ’ ಅನ್ನುತ್ತಿದ್ದರು. ತಂಡದವರು ಮಾತ್ರ ಇನ್ನೊಬ್ಬ ಪಿಚರ್ ಬಂದರೆ ಸಾಕು ಅಂದುಕೊಂಡರು. 2008ರ ಫೆಬ್ರುವರಿಯಲ್ಲಿ ಎರಿಕ್ ಬೆಡಾರ್ಡ್ ಒಬ್ಬರಿಗಾಗಿ ಬಾಲ್ಟಿಮೋರ್‌ಗೆ ಐವರನ್ನು ಕೊಟ್ಟರು. ಅದರಲ್ಲಿ ಆ್ಯಡಮ್ ಜೋನ್ಸ್, ಕ್ರಿಸ್ ಟಿಲ್‌ಮನ್ ಇದ್ದರು. ಗಾಯದ ಮೇಲೆ ಗಾಯವಾಗಿ ಬೆಡಾರ್ಡ್ ಇಲ್ಲಿ ಆರಂಭಿಸಿದ್ದು ಒಟ್ಟು 46 ಪಂದ್ಯ. 2008ರಲ್ಲಿ ತಂಡ 101 ಪಂದ್ಯ ಸೋತಿತು. ಜೋನ್ಸ್ ಐದು ಸಲ ಆಲ್‌ಸ್ಟಾರ್ ಆದರು.

ಕೊಡದಿದ್ದರೂ ನಷ್ಟವಿದೆ

ಇಷ್ಟು ಓದಿ ‘ಹಾಗಾದರೆ ಯಾರನ್ನೂ ಕೊಡಬಾರದು’ ಅಂತ ತೀರ್ಮಾನಿಸಿದರೆ ಅದೂ ತಪ್ಪು. 2022ರ ಜುಲೈ ಕೊನೆಗೆ ಮ್ಯಾರಿನರ್ಸ್ ಅತಿ ಬೆಲೆಬಾಳುವ ಹುಡುಗ ನೊಯೆಲ್ವಿ ಮಾರ್ಟೆ ಸೇರಿ ನಾಲ್ವರನ್ನು ಕೊಟ್ಟು ಸಿನ್ಸಿನಾಟಿಯಿಂದ ಪಿಚರ್ ಲೂಯಿಸ್ ಕಸ್ಟಿಯೊ ಅವರನ್ನು ತಂದಿತು. ಒಂದು ಬೇಸಿಗೆಗೆ ಅಂತ ಅಲ್ಲ; ಸೆಪ್ಟೆಂಬರಿನಲ್ಲೇ ಐದು ವರ್ಷದ ಹೊಸ ಒಪ್ಪಂದ ಮಾಡಿಕೊಂಡರು. 21 ವರ್ಷದ ನಂತರ ತಂಡ ಪ್ಲೇಆಫ್ ತಲುಪಿತು.

ಮರುವರ್ಷ ಉಲ್ಟಾ. 2023ರ ಜುಲೈ 31ರಂದು ಕೊನೇ ಇನ್ನಿಂಗ್ಸ್ ಕಾಪಾಡುತ್ತಿದ್ದ ಪಾಲ್ ಸೀವಾಲ್ಡ್ ಅವರನ್ನೇ ಆರಿಜೋನಾಗೆ ಕೊಟ್ಟರು. ಆರಿಜೋನಾ ವರ್ಲ್ಡ್ ಸೀರೀಸ್ ಆಡಿತು. ಸಿಯಾಟಲ್ ಒಂದೇ ಒಂದು ಗೆಲುವಿನಿಂದ ಪ್ಲೇಆಫ್ ತಪ್ಪಿಸಿಕೊಂಡಿತು. 2024ರಲ್ಲೂ ಒಂದೇ ಗೆಲುವಿನಿಂದ.

2025ರ ಜುಲೈನಲ್ಲಿ ತಂಡ ಹ್ಯೂಸ್ಟನ್ ಹಿಂದೆ ಓಡುತ್ತಿತ್ತು. ಆಗ ಆರಿಜೋನಾದಿಂದ ಜಾಶ್ ನೇಲರ್ ಮತ್ತು ಯುಹೇನಿಯೊ ಸ್ವಾರೆಸ್ ಬಂದರು. ಐವರು ಹುಡುಗರು ಹೋದರು, ಆದರೆ ಮೊದಲ ಸಾಲಿನವರನ್ನು ಕೊಡಲಿಲ್ಲ. 2001ರ ನಂತರ ಮೊದಲ ಸಲ ವಿಭಾಗ ಗೆದ್ದರು. ಅಕ್ಟೋಬರ್ 17ರಂದು ಟೊರಾಂಟೊ ವಿರುದ್ಧ ಸ್ವಾರೆಸ್ ನಾಲ್ಕು ರನ್ನಿನ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದಾಗ ಇಡೀ ಊರು ಎದ್ದು ನಿಂತಿತು. ಮೂರು ದಿನದ ನಂತರ ಏಳನೇ ಪಂದ್ಯದಲ್ಲಿ, ಇನ್ನು ಎಂಟು ಔಟ್ ತೆಗೆದರೆ ವರ್ಲ್ಡ್ ಸೀರೀಸ್ ಅನ್ನುವಾಗ, ಜಾರ್ಜ್ ಸ್ಪ್ರಿಂಗರ್ ಹೋಮ್ ರನ್ ಹೊಡೆದರು. 4–3. ಇರುವ 30 ತಂಡಗಳಲ್ಲಿ ವರ್ಲ್ಡ್ ಸೀರೀಸ್ ಕಾಣದ ಏಕೈಕ ತಂಡ ಇನ್ನೂ ಇದೇ.

ಲೆಕ್ಕ

ಈ ಪುಸ್ತಕ ತಿರುವಿ ನೋಡಿದರೆ ಮೂರು ಪ್ರಶ್ನೆ ಉಳಿಯುತ್ತವೆ. ನಾವು ನಿಜಕ್ಕೂ ಹತ್ತಿರದಲ್ಲಿದ್ದೇವಾ, ಇಲ್ಲ ಹಾಗಂತ ಅಂದುಕೊಂಡಿದ್ದೇವಾ? 2008ರಲ್ಲಿ ಎಡವಿದ್ದು ಇಲ್ಲಿ. ತೂತು ಮುಚ್ಚಲು ಎಷ್ಟು ಬೇಕೋ ಅಷ್ಟೇ ಕೊಡುತ್ತಿದ್ದೇವಾ? 1997ರಲ್ಲಿ ತೂತು ನಿಜ, ಆದರೆ ಗಡಿಗೆಯನ್ನೇ ಎತ್ತಿಕೊಟ್ಟರು. ಬರುವವನು ಮುಂದಿನ ಬೆಳೆಗೂ ಇರುತ್ತಾನಾ? ಕಸ್ಟಿಯೊ ಉಳಿದರು, ಮಾಂಟ್ರಿಯಲ್‌ಗೆ ಹೋದ ಲ್ಯಾಂಗ್‌ಸ್ಟನ್ ಉಳಿಯಲಿಲ್ಲ. ಮೂರರಲ್ಲಿ ಎರಡಕ್ಕೆ ‘ಹೌದು’ ಬಂದರೆ ಕೊಡಿ ಅನ್ನುತ್ತೇನೆ ನಾನು. ಯಾಕೆಂದರೆ ಗಡಿಗೆಯಲ್ಲೇ ಇಟ್ಟ ಬೀಜವೂ ವರ್ಷ ಕಳೆದಂತೆ ಮುಗ್ಗುತ್ತದೆ.

ಆದರೆ ಬೀಜದ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಯಾಕೆಂದರೆ ಬೀಜಕ್ಕೆ ಮನೆ ಇಲ್ಲ, ಹುಡುಗನಿಗೆ ಇದೆ. ಫೋನ್ ಬರುತ್ತದೆ, ಮರುದಿನ ಬೇರೆ ಊರು. ಕೇಳುವವರಿಲ್ಲ. 1969ರಲ್ಲಿ ಸೇಂಟ್ ಲೂಯಿಸ್ ತಂಡದ ಕರ್ಟ್ ಫ್ಲಡ್ ಹೀಗೆ ಫಿಲಡೆಲ್ಫಿಯಾಗೆ ಹೋಗಲು ಒಪ್ಪದೆ ಸುಪ್ರೀಂ ಕೋರ್ಟಿನವರೆಗೂ ಹೋದರು. 1972ರಲ್ಲಿ ಸೋತರು, ಆಟವನ್ನೇ ಕಳೆದುಕೊಂಡರು; ಆದರೆ ಆಟಗಾರರಿಗೆ ಒಪ್ಪಂದ ಮುಗಿದ ಮೇಲೆ ಹೊರಡುವ ಹಕ್ಕು ಸಿಕ್ಕ ದಾರಿ ಅಲ್ಲಿಂದ ತೆರೆಯಿತು. ಈಗ ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವರು ‘ಬರಲ್ಲ’ ಅನ್ನಬಹುದು. ಪ್ರಾಸ್ಪೆಕ್ಟ್ ಅನ್ನುವಂತಿಲ್ಲ. ಟಕೋಮಾದಂಥ ಮೇಲಿನ ಮೆಟ್ಟಿಲಿನ ತಂಡದಲ್ಲೂ ಕನಿಷ್ಠ ಸಂಬಳ ವರ್ಷಕ್ಕೆ 17,500 ಡಾಲರ್ ಇತ್ತು. ಅದು 35,800 ಆಗಿದ್ದು ಈ ಹುಡುಗರೂ ಯೂನಿಯನ್ ಸೇರಿದ ಮೇಲೆ, 2023ರಲ್ಲಿ. ಅವರಲ್ಲಿ ಎಷ್ಟೋ ಜನ ಡೊಮಿನಿಕನ್ ರಿಪಬ್ಲಿಕ್, ವೆನಿಜುವೆಲಾದಿಂದ ಹದಿನಾರು, ಹದಿನೇಳಕ್ಕೇ ಒಪ್ಪಂದಕ್ಕೆ ಸಹಿ ಹಾಕಿ ಮನೆ ಬಿಟ್ಟವರು. ವೀಸಾವನ್ನು ಕಂಪನಿಗೆ ಕಟ್ಟಿಕೊಂಡು ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಜುಲೈನಲ್ಲೂ ಈ ಜಗಳ ಇರುತ್ತದೆ, ನಾನೂ ಅದರಲ್ಲಿ ಇರುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಎವರೆಟ್‌ಗೋ ಟಕೋಮಾಕ್ಕೋ ಹೋಗಿ ಬನ್ನಿ. ಟಿಕೆಟ್ಟೂ ಅಗ್ಗ. ಬೇಲಿಯ ಹತ್ತಿರ ನಿಂತರೆ ಹುಡುಗರ ಮುಖ ಕಾಣುತ್ತದೆ. ಅದನ್ನು ನೋಡಿದ ಮೇಲೂ ‘ಇವನನ್ನು ಕೊಟ್ಟುಬಿಡಿ’ ಅನ್ನಬೇಕಾಗಬಹುದು. ಅನ್ನೋಣ. ಆದರೆ ಯಾರನ್ನು ಕೊಡುತ್ತಿದ್ದೇವೆ ಅಂತ ತಿಳಿದು ಅನ್ನೋಣ.