ಜೋಡಿ ಹಚ್ಚುವ ಲೆಕ್ಕ

ಶ್ರೀಪತಿ ಖಂಚನಾಳೆ ತಮ್ಮ ಹರೆಯದಲ್ಲಿ ಹರಿಶ್ಚಂದ್ರ ಬಿರಾಜದಾರರ ಎದುರು ನಿಂತಿದ್ದರೆ ಯಾರ ಬೆನ್ನಿಗೆ ಮಣ್ಣು ಹತ್ತುತ್ತಿತ್ತು? ಗಾಮಾ ಪೈಲ್ವಾನರ ಮುಂದೆ ಸತ್ಪಾಲ್ ಎಷ್ಟು ಹೊತ್ತು ತಡೆಯುತ್ತಿದ್ದರು? ಬೆಳಗಾವಿಯ ತಾಲೀಮುಗಳ ಕಟ್ಟೆಯ ಮೇಲೆ, ಖಾನಾಪುರ ತಾಲೂಕಿನ ಹಳ್ಳಿಗಳ ಜಾತ್ರೆಯ ಕಣದ ಅಂಚಿನಲ್ಲಿ ಇಂಥ ವಾದಗಳು ಹೊಸವಲ್ಲ. ಕುಸ್ತಿಯ ಗಂಧವಿಲ್ಲದವರಿಗೆ ಇದು ಹೊತ್ತು ಹೋಗದವರ ಹರಟೆ. ಆದರೆ ಬೇರೆ ಬೇರೆ ಕಾಲದ ಇಬ್ಬರನ್ನು ಎದುರುಬದುರು ನಿಲ್ಲಿಸುವ ವಸ್ತಾದರು ಮಾಡುತ್ತಿರುವುದು ಕಣದಲ್ಲಿ ತಾವು ವರುಷವಿಡೀ ಮಾಡುವ ಕೆಲಸವನ್ನೇ, ಜೋಡಿ ಹಚ್ಚುವ ಕೆಲಸವನ್ನು. ಅದಕ್ಕೊಂದು ಕಟ್ಟುನಿಟ್ಟಿದೆ. ಆ ಕಟ್ಟುನಿಟ್ಟು ಹಿಡಿದು ಮಾಡಿದ ವಾದ ಈ ಭಾಗದ ಕುಸ್ತಿಯ ಇತಿಹಾಸವೇ ಆಗುತ್ತದೆ ಎಂಬುದು ನನ್ನ ನಂಬಿಕೆ.

ಜೋಡಿ ಹಚ್ಚುವುದನ್ನು ಹತ್ತಿರದಿಂದ ನೋಡಬೇಕು. ಹಲಗಿ ಬಡಿಯುತ್ತಿರುತ್ತದೆ. ಕೆಂಪು ಮಣ್ಣಿಗೆ ಮಜ್ಜಿಗೆ, ಅರಿಸಿನ, ಎಣ್ಣೆ ಬೆರೆಸಿ ಹದ ಮಾಡಿದ ಕಣದಲ್ಲಿ ಲಂಗೋಟಿ ಬಿಗಿದ ಹುಡುಗನ ಕೈ ಹಿಡಿದು ಹಿರಿಯನೊಬ್ಬ ಸುತ್ತು ಬರುತ್ತಾನೆ. ಅತ್ತಲಿಂದ ಇನ್ನೊಬ್ಬ ತನ್ನ ಹುಡುಗನನ್ನು ತರುತ್ತಾನೆ. ಇಬ್ಬರನ್ನೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸುತ್ತಾರೆ. ಎತ್ತರ, ಕುತ್ತಿಗೆ, ತೊಡೆ, ವಯಸ್ಸು ನೋಡುತ್ತಾರೆ. ಒಬ್ಬ ತೂಕದಲ್ಲಿ ಮಿಗಿಲು ಅನ್ನಿಸಿದರೆ ತಲೆಯಾಡಿಸಿ ಬೇರೆ ಜೋಡಿ ಹುಡುಕುತ್ತಾರೆ. ಒಪ್ಪಿಗೆಯಾದರೆ ಹುಡುಗರು ಬಗ್ಗಿ ಹಿಡಿ ಮಣ್ಣು ತೆಗೆದು ಒಬ್ಬರ ಮೈಗೊಬ್ಬರು ಸವರಿ ಸಲಾಮಿ ಕೊಡುತ್ತಾರೆ. ಈ ಲೆಕ್ಕ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿನೋದಕ್ಕೆಂದೇ ಒಂದು ಭಾಗವಿದೆ, ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆಗಳಾಗಿ ಬೇರ್ಪಡಿಸಿದ್ದಾರೆ. ಸರಿಜೋಡಿಯಲ್ಲದ ಕುಸ್ತಿ ಕುಸ್ತಿಯೇ ಅಲ್ಲ ಎಂಬ ತಿಳಿವು ಈ ನೆಲದಲ್ಲಿ ಸುಮಾರು ಒಂಬೈನೂರು ವರ್ಷ ಹಳೆಯದು.

ಕಾಲ ದಾಟಿ ಜೋಡಿ ಹಚ್ಚುವವರು ಮೈಯನ್ನು, ವಯಸ್ಸನ್ನು ಅಳೆಯುತ್ತಾರೆ. ಕಣವನ್ನು ಅಳೆಯಲು ಮಾತ್ರ ಮರೆಯುತ್ತಾರೆ, ವಾದ ದಾರಿ ತಪ್ಪುವುದು ಅಲ್ಲಿಯೇ. ಗಾಮಾರ ಕತೆಯನ್ನೇ ನೋಡಿ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಅವರ ಎದುರಾಳಿ ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಸ್ಕೊ. ಗಾಮಾಗಿಂತ ಎಷ್ಟೋ ಭಾರದ ಆಳು. ಮೊದಲ ನಿಮಿಷದಲ್ಲೇ ಗಾಮಾ ಅವನನ್ನು ಕೆಳಗೆ ತಂದರು. ಆಮೇಲೆ ಝ್ಬಿಸ್ಕೊ ಚಾಪೆಗೆ ಹೊಟ್ಟೆ ಹಚ್ಚಿ ಬಿದ್ದುಕೊಂಡವನು ಏಳುವ ಮನಸ್ಸೇ ಮಾಡಲಿಲ್ಲ. ಎರಡೂವರೆ ಗಂಟೆಗೂ ಮೀರಿ ಗಾಮಾ ಮೇಲಿದ್ದರೂ ಆ ಭುಜಗಳನ್ನು ನೆಲಕ್ಕೆ ಹಚ್ಚಲಾಗಲಿಲ್ಲ. ಕುಸ್ತಿ ಸಮಸಮ ಎಂದಾಯಿತು. ಮರುವಾರ ಮತ್ತೆ ಹಿಡಿಯಬೇಕಿದ್ದ ದಿನ ಝ್ಬಿಸ್ಕೊ ಬರಲೇ ಇಲ್ಲ. 1928ರಲ್ಲಿ ಪಟಿಯಾಲದ ಮಣ್ಣಿನಲ್ಲಿ ಇಬ್ಬರೂ ಮತ್ತೆ ಎದುರಾದಾಗ ಒಂದು ನಿಮಿಷ ತುಂಬುವುದರೊಳಗೆ ಝ್ಬಿಸ್ಕೊ ಚಿತ್. ಅದೇ ಇಬ್ಬರು, ಎರಡು ಕಣ, ಎರಡು ಫಲ. ನಿಜವಾಗಿ ನಡೆದ ಜೋಡಿಯೇ ಒಂದು ಉತ್ತರ ಕೊಡದಿರುವಾಗ, ನಡೆಯದ ಜೋಡಿಯಿಂದ ಒಂದೇ ಉತ್ತರ ಕೇಳುವುದು ತಪ್ಪು. ಇನ್ನೊಂದು ಮಾತು: ಆ 1910ರ ಕುಸ್ತಿಯನ್ನು ಇಂದಿನ ಫ್ರೀಸ್ಟೈಲ್ ನಿಯಮಕ್ಕೆ ತಂದಿಡಿ. 3 ನಿಮಿಷದ ಎರಡು ಸುತ್ತು. ಕೆಳಗೆ ತಂದದ್ದಕ್ಕೆ ಅಂಕ, ಆಡದೆ ಸುಮ್ಮನಿರುವವನಿಗೆ ಎಚ್ಚರಿಕೆ. ಗಾಮಾ ಆರು ನಿಮಿಷದಲ್ಲಿ ಗೆದ್ದು ಹೊರಬರುತ್ತಿದ್ದರು. ಮ್ಯಾಟಿನ ನಿಯಮ ಹಳಬರಿಗೆ ಹಾನಿ ಎಂದು ಮರುಗುವವರು ಇದನ್ನು ನೆನಪಿಡಬೇಕು.

ಕಣ ಬದಲಾದರೆ ಫಲವೂ ಬದಲಾಗುತ್ತದೆ ಎಂಬುದಕ್ಕೆ ಬೆಳಗಾವಿಯ ನೆಲದಲ್ಲೇ ಸಾಕ್ಷಿ ಇದೆ. 1977ರಲ್ಲಿ ಈ ಊರಲ್ಲಿ ನಡೆದ ಕುಸ್ತಿಯಲ್ಲಿ ಬಿರಾಜದಾರ ದಿಲ್ಲಿಯ ಸತ್ಪಾಲರನ್ನು ಸೋಲಿಸಿದರು. ಬಿರಾಜದಾರ ಆಗಲೇ 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿದ್ದವರು, ವಯಸ್ಸು 27. ಸತ್ಪಾಲರಿಗೆ 22. ಐದು ವರ್ಷ ಕಳೆದು 1982ರ ದಿಲ್ಲಿ ಏಷ್ಯಾಡಿನಲ್ಲಿ ಅದೇ ಸತ್ಪಾಲ್ 100 ಕೆಜಿ ವಿಭಾಗದ ಚಿನ್ನ ತಂದರು. ಯಾರು ದೊಡ್ಡವರು ಎಂದು ಕೇಳಿದರೆ ಮಣ್ಣಿನ ವಹಿಯಲ್ಲಿ ಒಂದು ಹೆಸರು, ಮ್ಯಾಟಿನ ವಹಿಯಲ್ಲಿ ಇನ್ನೊಂದು. ಇವೆರಡನ್ನೂ ಕೂಡಿಸಿ ಒಂದೇ ಮೊತ್ತ ಬರೆಯಲು ಹೊರಟವರು ಇಬ್ಬರಿಗೂ ಅನ್ಯಾಯ ಮಾಡುತ್ತಾರೆ. ಖಂಚನಾಳೆಯವರ ವಿಷಯದಲ್ಲಿ ಮತ್ತೊಂದು ತೊಡಕೂ ಇದೆ. ಅವರು ಹುಟ್ಟಿದ್ದು 1934ರಲ್ಲಿ, ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ. ಬೆಳೆದು ಹೆಸರಾದದ್ದು ಕೊಲ್ಹಾಪುರದಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಈ ರಾಜ್ಯಕ್ಕೆ ಸೇರಿತು, 1959ರಲ್ಲಿ ಅವರು ಪಂಜಾಬಿನ ಬಂತಾ ಸಿಂಗರನ್ನು ಕೆಡವಿ ಹಿಂದ್ ಕೇಸರಿಯಾದರು, ಅದೇ ವರ್ಷ ಮಹಾರಾಷ್ಟ್ರ ಕೇಸರಿಯೂ ಆದರು. ಗಡಿಯ ಈಚೆ ಅವರನ್ನು ನಮ್ಮವರು ಅನ್ನುತ್ತಾರೆ, ಆಚೆಯವರು ತಮ್ಮವರು ಅನ್ನುತ್ತಾರೆ. ಎಷ್ಟೋ ವಾದಗಳಲ್ಲಿ ಗೆಲ್ಲುವುದು ಈ ಅಭಿಮಾನವೇ, ಕುಸ್ತಿಯಲ್ಲ. ತಾಲೀಮಿನ ಮಟ್ಟಿಗೆ ಕೊಲ್ಹಾಪುರ, ಬೆಳಗಾವಿ, ಖಾನಾಪುರ ಒಂದೇ ಸೀಮೆ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ಸಿದ್ಧವಾದಂದಿನಿಂದ ಈ ಸೀಮೆಯ ಪೈಲ್ವಾನರಿಗೆ ಅದೇ ದೊಡ್ಡ ಕಣ. ಬೆಳಗಾವಿಯ ಆನಂದವಾಡಿ ಆಖಾಡದಲ್ಲೂ ಎರಡೂ ಕಡೆಯವರು ಹಿಡಿದಿದ್ದಾರೆ.

ಕಣ ನೋಡಿಯೇ ಜೋಡಿ ಹಚ್ಚಬೇಕೆಂಬ ಈ ಮಾತಿಗೊಂದು ಗಟ್ಟಿ ಆಕ್ಷೇಪವಿದೆ. ಓಟದಲ್ಲಿ, ಈಜಿನಲ್ಲಿ ದಾಖಲೆಗಳು ಒಂದೇ ಸಮನೆ ಮುರಿಯುತ್ತ ಬಂದಿವೆ. ಆಹಾರ, ವೈದ್ಯ, ತರಬೇತಿ ಎಲ್ಲ ಸುಧಾರಿಸಿವೆ. ಹಾಗಾದರೆ ಇಂದಿನವರೇ ಬಲಿಷ್ಠರು, ವಾದವೇಕೆ ಎನ್ನುತ್ತಾರೆ. ಓಟಗಾರ ಗಡಿಯಾರದ ಎದುರು ಓಡುತ್ತಾನೆ, ಆ ಗಡಿಯಾರ ನೂರು ವರ್ಷದಿಂದ ಬದಲಾಗಿಲ್ಲ. ಪೈಲ್ವಾನ ಹಿಡಿಯುವುದು ಇನ್ನೊಬ್ಬನ ಮೈಯನ್ನು, ಅದೂ ಆ ಕಾಲದ ನಿಯಮದೊಳಗೆ. ಸಮಯದ ಮಿತಿಯಿಲ್ಲದ ನಿಕಾಲಿ ಕುಸ್ತಿಗೆ ಬೇಕಾದ ದಮ್ಮು ಬೇರೆ, ಆರು ನಿಮಿಷದ ಸಿಡಿತ ಬೇರೆ. ಒಂದು ಹೆಚ್ಚಿದಾಗ ಇನ್ನೊಂದು ತಗ್ಗುತ್ತದೆ. ಆಕ್ಷೇಪದಲ್ಲಿ ನಿಜವೇ ಇಲ್ಲ ಎನ್ನಲಾರೆ. ಮಣ್ಣಿನಿಂದ ಮ್ಯಾಟಿಗೆ ದಾಟಿದವರಿದ್ದಾರೆ. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ ಮಣ್ಣಿನಲ್ಲಿ ಕಲಿತು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ 57 ಕೆಜಿ ವಿಭಾಗದ ಕಂಚು ತಂದರು. ಅವರ ಕೈಯಲ್ಲಿದ್ದದ್ದು ನಮ್ಮ ತಾಲೀಮುಗಳದೇ ಢಾಕ್. ಎದುರಾಳಿಯ ಕುತ್ತಿಗೆ ಕಟ್ಟಿ ಸೊಂಟದ ಮೇಲಿಂದ ಒಗೆಯುವ ಈ ಪಟ್ಟಿಗೆ ಮಣ್ಣೂ ಒಂದೇ, ಮ್ಯಾಟೂ ಒಂದೇ. ಆದರೆ ಆರನೆಯ ಸ್ಥಾನದಿಂದ ಮೂರನೆಯದಕ್ಕೆ ಬರಲು ಅವರಿಗೆ ನಾಲ್ಕು ವರ್ಷ ಹಿಡಿಯಿತು. ಕಾಲ ದಾಟಿ ಜೋಡಿ ಹಚ್ಚುವವರು ದಾಟಿ ಬಂದವನಿಗೆ ಅಷ್ಟು ಪುರಸತ್ತು ಕೊಡಲೇಬೇಕು. ಮೈದಾನದ ಕೊನೆಯ ದೊಡ್ಡ ಕುಸ್ತಿ ಯಾವಾಗಲೂ ಭಾರದ ಆಳುಗಳದು. 57 ಕೆಜಿಯ ಜಾಧವ್ ಕಟ್ಟೆಯ ವಾದಗಳಲ್ಲಿ ಹಿಂದೆ ಬೀಳುವುದು ಅದರಿಂದಲೇ, ಇದು ನನಗೆ ನೋವಿನ ವಿಷಯ.

ಹಾಗಾದರೆ ಗಾಮಾ ಮತ್ತು ಸತ್ಪಾಲ್? ಕಣ ಗೊತ್ತುಮಾಡಿ ಹೇಳುತ್ತೇನೆ. 1910ರ ಗಾಮಾ, 1982ರ ಸತ್ಪಾಲ್, ಆನಂದವಾಡಿಯ ಮಣ್ಣು, ನಿಕಾಲಿ ಕುಸ್ತಿ ಎಂದಾದರೆ ಗಾಮಾ; ಎರಡೂವರೆ ಗಂಟೆ ಮೇಲುಗೈ ಬಿಡದ ಆ ದಮ್ಮಿಗೆ ಉತ್ತರವಿಲ್ಲ. ಮ್ಯಾಟು, ಆರು ನಿಮಿಷ ಎಂದಾದರೆ ಸತ್ಪಾಲ್, ಆದರೆ ಗಾಮಾರ ಆ ಮೊದಲ ನಿಮಿಷವನ್ನು ದಾಟಿದರೆ ಮಾತ್ರ. 1959ರ ಖಂಚನಾಳೆ ಮತ್ತು 1977ರ ಬಿರಾಜದಾರರ ಜೋಡಿ ಇನ್ನೂ ಚೆಂದದ್ದು: 24ರ ಹರೆಯದವರೊಬ್ಬರು, 27ರವರೊಬ್ಬರು, ಇಬ್ಬರೂ ಮಣ್ಣಿನ ಮಕ್ಕಳು. ಅದರ ತೀರ್ಪಿಗೆ ಪದಕದ ಪಟ್ಟಿ ಸಾಲದು, ಕಣ್ಣಾರೆ ಕಂಡವರು ಬೇಕು. ಬಿರಾಜದಾರ 2011ರಲ್ಲಿ ಹೋದರು, ಖಂಚನಾಳೆ 2020ರಲ್ಲಿ. 1977ರ ಕುಸ್ತಿಯನ್ನು ಇಪ್ಪತ್ತರಲ್ಲಿ ನೋಡಿದವರಿಗೆ ಈಗ ಎಪ್ಪತ್ತರ ಹತ್ತಿರ. ಅವರು ಕಟ್ಟೆಯ ಮೇಲೆ ವಾದಕ್ಕೆ ಕೂತಾಗ ಪಕ್ಕದಲ್ಲೊಬ್ಬರು ಕೂತು ಬರೆದುಕೊಳ್ಳಲಿ: ಮೊದಲ ಹಿಡಿತ ಯಾರದು, ಯಾವ ಕೈ, ಯಾವ ಕಾಲು ಹೊರಗಿತ್ತು, ಬೆನ್ನು ಮಣ್ಣಿಗೆ ತಾಗಿದಾಗ ಹಲಗಿ ಎಲ್ಲಿಗೆ ನಿಂತಿತು.